ಬಾತುಕೋಳಿಯನ್ನು ಕೋಳಿಯ ಲೆಕ್ಕದಲ್ಲಿ ಸಾಕಿದರೆ ಎಲ್ಲೆಲ್ಲಿ ಕೈಕೊಡುತ್ತದೆ? ಕಾವು, ಮೇವು, ನೀರು, ಕಾಡುಬಾತುಗಳ ಸಂಪರ್ಕ

#1 ಕೆರೆಯಂಗಳ

ಬಾತುಗಳ ಬಗ್ಗೆ ಇಲ್ಲಿ ಬರುವ ಪ್ರಶ್ನೆಗಳನ್ನು ಒಟ್ಟಿಗೆ ಓದಿದರೆ ಹೆಚ್ಚಿನವಕ್ಕೆ ಬೇರು ಒಂದೇ. ಕೋಳಿಗೆ ಹೊಂದುವ ಲೆಕ್ಕವನ್ನು ಹಾಗೇ ಬಾತಿಗೆ ಹಚ್ಚಿರುತ್ತಾರೆ: ಮೊಟ್ಟೆಗೆ ಕೋಳಿಯ ದಿನಗಣನೆ, ಮರಿಗೆ ಕೋಳಿಮರಿಯ ಮೇವು, ಕುಡಿಯಲು ನಿಪ್ಪಲ್ (ಕೊಕ್ಕು ತಾಗಿಸಿದರೆ ಹನಿ ಬಿಡುವ ನಳಿಕೆ). ಆಮೇಲೆ ಕಾಲು ಸೊಟ್ಟಗಾದಾಗ, ಮರಿ ಚಿಪ್ಪಿನೊಳಗೇ ಸತ್ತಾಗ ರೋಗ ಹುಡುಕುತ್ತಾರೆ. ಎಲ್ಲವನ್ನೂ ಒಂದೇ ಕಡೆ ಸೇರಿಸೋಣ. ತಿಳಿದವರು ಅಂಕಿ ಸಮೇತ ಬರೆಯಿರಿ, ಹಾಗೇಕೆ ಎಂಬುದನ್ನೂ ಹೇಳಿ.

ಮೊದಲು ವಂಶದ ಮಾತು. ಪೆಕಿನ್, ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್ ಸೇರಿ ಮಸ್ಕೋವಿಯೊಂದನ್ನು ಬಿಟ್ಟು ಸಾಕುಬಾತುಗಳೆಲ್ಲ ಕಾಡಿನ ಮ್ಯಾಲಾರ್ಡ್‌ನಿಂದ ಬಂದವು. ಮಸ್ಕೋವಿ ಬೇರೆಯೇ ಜಾತಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ. ಇವೆರಡು ಕೂಡಿದರೆ ಮರಿ ಹುಟ್ಟುತ್ತದೆ, ಆದರೆ ಆ ಮರಿಗೆ ಸಂತಾನವಿಲ್ಲ. ಆದ್ದರಿಂದ ಪ್ರಶ್ನೆ ಕೇಳುವಾಗ ನಿಮ್ಮಲ್ಲಿರುವುದು ಮಸ್ಕೋವಿಯೋ ಅಲ್ಲವೋ ಎಂಬುದನ್ನು ಮೊದಲೇ ಹೇಳಿಬಿಡಿ. ಕಾವಿನ ದಿನ, ಧ್ವನಿ, ಹಾರುವ ಶಕ್ತಿ ಎಲ್ಲವೂ ಬದಲಾಗುತ್ತವೆ.

ದೇಹರಚನೆಯಲ್ಲಿ ನೆನಪಿಡಬೇಕಾದ್ದು ಎರಡು. ಕೋಳಿಗಿರುವಂಥ ಮೇವಿನ ಚೀಲ ಬಾತಿನ ಕತ್ತಿನ ಬುಡದಲ್ಲಿಲ್ಲ, ಅನ್ನನಾಳವೇ ಕೆಳಗೆ ಸ್ವಲ್ಪ ಹಿಗ್ಗುತ್ತದೆ ಅಷ್ಟೆ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಪಟ್ಟಿಗಳಿವೆ, ಅವು ನೀರನ್ನು ಸೋಸಿ ಆಹಾರ ಉಳಿಸಿಕೊಳ್ಳಲು. ಒಣ ಪುಡಿಮೇವು ಆ ಪಟ್ಟಿಗಳಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಮೇವಿನ ಪಕ್ಕದಲ್ಲೇ ನೀರಿರಬೇಕು ಎನ್ನುವುದು ಇದಕ್ಕೇ.

#2 ಕಾವುಪೆಟ್ಟಿಗೆ

ಕಾವಿನ ಭಾಗ ನಾನು ಬರೆಯುತ್ತೇನೆ.

ದಿನಗಳು: ಮ್ಯಾಲಾರ್ಡ್ ವಂಶದ ಸಾಕುಬಾತಿಗೆ 28, ಮಸ್ಕೋವಿಗೆ 35. ಕೋಳಿಯ 21ನೇ ದಿನಕ್ಕೆ ಕಾದು ಕುಳಿತು, ಮರಿ ಬರಲಿಲ್ಲವೆಂದು ಮೊಟ್ಟೆ ಎಸೆಯುವುದು ಇವತ್ತಿಗೂ ನಡೆಯುತ್ತಿದೆ.

ಆಯ್ಕೆ: ಬಾತು ಬೆಳಗಿನ ಜಾವ ನೆಲದ ಮೇಲೆ, ಎಷ್ಟೋ ಸಲ ಕೆಸರಲ್ಲೇ ಮೊಟ್ಟೆ ಇಡುತ್ತದೆ. ಕೊಳೆಯಾದ ಮೊಟ್ಟೆ ಕಾವಿನ ಬಿಸಿಯಲ್ಲಿ ಕೊಳೆತು ಸಿಡಿದರೆ ಇಡೀ ಪೆಟ್ಟಿಗೆ ಹಾಳು. ಒಣ ಕೊಳೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ನೀರು ಮೊಟ್ಟೆಗಿಂತ ಬೆಚ್ಚಗಿರಬೇಕು, ಸುಮಾರು 40 ಡಿಗ್ರಿ ಸೆಲ್ಸಿಯಸ್. ತಣ್ಣೀರಲ್ಲಿ ಅದ್ದಿದರೆ ಒಳಗಿನ ದ್ರವ ಕುಗ್ಗುತ್ತದೆ, ಚಿಪ್ಪಿನ ರಂಧ್ರಗಳ ಮೂಲಕ ಹೊರಗಿನ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಸಂಗ್ರಹ: 13ರಿಂದ 16 ಡಿಗ್ರಿಯಲ್ಲಿ, ಚೂಪು ತುದಿ ಕೆಳಗೆ ಮಾಡಿ, 7 ದಿನದೊಳಗೆ ಕಾವಿಗೆ ಇಡಿ. ಅದಕ್ಕಿಂತ ತಡವಾದಷ್ಟೂ ಮರಿಯಾಗುವ ಪ್ರಮಾಣ ಇಳಿಯುತ್ತದೆ. ತಂಪಿನಿಂದ ತೆಗೆದವನ್ನು ನೇರ ಪೆಟ್ಟಿಗೆಗೆ ಹಾಕಬೇಡಿ, ಕೆಲವು ಗಂಟೆ ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಚಿಪ್ಪು ಬೆವರುತ್ತದೆ.

ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನ್ ಇಲ್ಲದ್ದಕ್ಕೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದರೆ 38.3 ಡಿಗ್ರಿ, ಏಕೆಂದರೆ ಅಲ್ಲಿ ಗಾಳಿ ಪದರ ಪದರವಾಗಿ ನಿಲ್ಲುತ್ತದೆ. ತೇವಾಂಶ ಶೇ. 55ರಿಂದ 60. ಕೈಯಿಂದ ತಿರುಗಿಸುವವರು ದಿನಕ್ಕೆ 5 ಸಲ ತಿರುಗಿಸಲಿ. ಬೆಸ ಸಂಖ್ಯೆಯಾದರೆ ದೀರ್ಘ ರಾತ್ರಿಯನ್ನು ಮೊಟ್ಟೆ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯುವುದು ತಪ್ಪುತ್ತದೆ. 7ನೇ ದಿನ ಬೆಳಕಿಗೆ ಹಿಡಿದು ನೋಡಿ, ಜೇಡದ ಬಲೆಯಂಥ ರಕ್ತನಾಳ ಕಾಣದ ಮೊಟ್ಟೆ ತೆಗೆದುಬಿಡಿ. 25ನೇ ದಿನ ತಿರುಗಿಸುವುದು ನಿಲ್ಲಿಸಿ, ತೇವಾಂಶವನ್ನು ಶೇ. 70ರಿಂದ 75ಕ್ಕೆ ಏರಿಸಿ. ಮಸ್ಕೋವಿಗೆ ಈ ಬದಲಾವಣೆ 31 ಅಥವಾ 32ನೇ ದಿನ.

#3 ಹೊಸಗರಿ

ಕಾವುಪೆಟ್ಟಿಗೆಯವರೇ, ಒಂದು ಸಂದೇಹ. ತೇವಾಂಶ ಮೀಟರಿನಲ್ಲಿ ಶೇ. 60 ತೋರಿಸುತ್ತಿದ್ದರೂ ಪೂರ್ತಿ ಬೆಳೆದ ಮರಿಗಳು 26, 27ನೇ ದಿನ ಚಿಪ್ಪು ಒಡೆಯದೆ ಸಾಯುವುದು ಏಕೆ? ಇನ್ನಷ್ಟು ನೀರು ಇಡಬೇಕಾ?

#4 ಕಾವುಪೆಟ್ಟಿಗೆ

ನೀರು ಹೆಚ್ಚಿಸುವ ಮುನ್ನ ತೂಕ ನೋಡಿ. ಅಗ್ಗದ ತೇವಾಂಶ ಮೀಟರುಗಳು ಸುಲಭವಾಗಿ ದಾರಿ ತಪ್ಪಿಸುತ್ತವೆ, ತಕ್ಕಡಿ ಹಾಗೆ ಮಾಡುವುದಿಲ್ಲ. ಕಾವಿಗೆ ಇಟ್ಟ ದಿನದಿಂದ 25ನೇ ದಿನದೊಳಗೆ ಮೊಟ್ಟೆಯ ತೂಕ ಸುಮಾರು ಶೇ. 13ರಷ್ಟು ಇಳಿಯಬೇಕು. ಅದು ಪೂರ್ತಿ ಆವಿಯಾದ ನೀರು. 80 ಗ್ರಾಂ ಮೊಟ್ಟೆ ಎಂದುಕೊಳ್ಳಿ: 10.4 ಗ್ರಾಂ ಇಳಿದು 69.6 ಗ್ರಾಂಗೆ ಬರಬೇಕು. ದಿನಕ್ಕೆ 0.4 ಗ್ರಾಂಗಿಂತ ತುಸು ಹೆಚ್ಚು. ಅಂದರೆ 10ನೇ ದಿನ ಹತ್ತಿರ ಹತ್ತಿರ 75.8 ಗ್ರಾಂ. ಐದಾರು ಮೊಟ್ಟೆಗೆ ಪೆನ್ಸಿಲ್‌ನಲ್ಲಿ ನಂಬರು ಬರೆದು 5 ದಿನಕ್ಕೊಮ್ಮೆ ತೂಗಿ ಸರಾಸರಿ ತೆಗೆದರೆ ಸಾಕು.

ಇಳಿಕೆ ಕಡಿಮೆಯಿದ್ದರೆ ಒಳಗೆ ನೀರು ಜಾಸ್ತಿ, ಗಾಳಿಕೋಣೆ (ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ತುಂಬಿದ ಜಾಗ) ಚಿಕ್ಕದು. ಮರಿ ಮೊದಲು ಕೊಕ್ಕನ್ನು ಗಾಳಿಕೋಣೆಗೆ ತೂರಿಸಿ ಅಲ್ಲಿನ ಗಾಳಿಯಲ್ಲಿ ಉಸಿರಾಟ ಆರಂಭಿಸಬೇಕು. ಜಾಗವಿಲ್ಲದಿದ್ದರೆ ಅಲ್ಲೇ ಉಸಿರುಕಟ್ಟುತ್ತದೆ. ಒಡೆದು ನೋಡಿದಾಗ ಮರಿ ಊದಿಕೊಂಡು ಒದ್ದೆಯಾಗಿದ್ದರೆ ಇದೇ ಕಾರಣ, ಆಗ ಇನ್ನಷ್ಟು ನೀರಿಟ್ಟರೆ ಇನ್ನಷ್ಟು ಸಾಯುತ್ತವೆ. ಇಳಿಕೆ ಹೆಚ್ಚಾಗಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿರುತ್ತದೆ, ಚಿಪ್ಪಿನಲ್ಲಿ ತೂತು ಮಾಡಿ ಅಲ್ಲಿಗೇ ನಿಂತಿರುತ್ತದೆ. ಬಿಸಿ ಹೆಚ್ಚಾದರೆ ದಿನಕ್ಕೆ ಮುಂಚೆ ಹೊರಬಂದು ಹೊಕ್ಕುಳಲ್ಲಿ ಹಳದಿ ಭಂಡಾರ (ಮೊಟ್ಟೆಯ ಹಳದಿಯ ಉಳಿಕೆ) ಹಾಗೇ ಉಳಿದಿರುತ್ತದೆ. ಕಡಿಮೆಯಾದರೆ ತಡವಾಗಿ, ಮೆತ್ತಗಿನ ದೊಡ್ಡ ಹೊಟ್ಟೆಯ ಮರಿ. ತಲೆ ಚೂಪು ತುದಿಯಲ್ಲಿ ಸಿಕ್ಕಿದ್ದರೆ ಮೊಟ್ಟೆ ತಲೆಕೆಳಗಾಗಿ ಇಟ್ಟಿರಬಹುದು.

ಸತ್ತ ಮೊಟ್ಟೆಗಳನ್ನು ಒಡೆಯದೆ ಎಸೆಯಬೇಡಿ. ಮೂಗು ಮುಚ್ಚಿಕೊಂಡಾದರೂ ಒಡೆದು ನೋಡಿ, ಉತ್ತರ ಅಲ್ಲಿದೆ.

ಇನ್ನೊಂದು: ಬಾತುಮರಿ ಮೊದಲ ತೂತು ಮಾಡಿದ ಮೇಲೆ ಹೊರಬರಲು 24ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ. ಕೋಳಿಮರಿಗಿಂತ ನಿಧಾನ. ಆ ಹೊತ್ತಿನಲ್ಲಿ ಪೊರೆಯ ರಕ್ತ ಮತ್ತು ಉಳಿದ ಭಂಡಾರ ಒಳಗೆ ಹೀರಿಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ.

#5 ಬೂದುಗರಿ

ನೀರು ಸಿಂಪಡಿಸುವ ವಿಚಾರ ಬಿಟ್ಟಿರಲ್ಲ? 10ನೇ ದಿನದಿಂದ ರೋಜು 10-15 ನಿಮಿಷ ಪೆಟ್ಟಿಗೆ ತೆರೆದು ಮೊಟ್ಟೆ ತಂಪಾಗಿಸಿ, ಉಗುರುಬೆಚ್ಚಗಿನ ನೀರು ಸಿಂಪಡಿಸಿ ಮುಚ್ಚುವ ಪದ್ಧತಿ ಹಳೆಯದು. ಕಾಡಿನ ಹೆಣ್ಣು ಬಾತು ಕೂಡ ಬೆಳಿಗ್ಗೆ, ಸಂಜೆ ಗೂಡು ಬಿಟ್ಟು ಮೇಯಲು ಹೋಗುತ್ತದೆ. ಹೋಗುವಾಗ ತನ್ನ ಎದೆಯ ತುಪ್ಪಳದಿಂದ ಮೊಟ್ಟೆ ಮುಚ್ಚುತ್ತದೆ, ಬರುವಾಗ ಮೈ ಒದ್ದೆಯಿರುತ್ತದೆ.

#6 ಕಾವುಪೆಟ್ಟಿಗೆ

ಮಸ್ಕೋವಿಗೆ ಒಪ್ಪುತ್ತೇನೆ. ಖಾಕಿ ಕ್ಯಾಂಪ್‌ಬೆಲ್, ಪೆಕಿನ್‌ಗೆ ತೂಕದ ಇಳಿಕೆ ಸರಿಯಿದ್ದರೆ ಸಿಂಪಡಣೆ ಬೇಕಾಗಿಯೇ ಇಲ್ಲ. ಸಿಂಪಡಣೆಯಿಂದ ಮೊಟ್ಟೆಯೊಳಗೆ ನೀರು ಸೇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಚಿಪ್ಪಿನ ಮೇಲಿನ ನೀರು ಆವಿಯಾಗುವಾಗ ಮೊಟ್ಟೆಯ ಬಿಸಿ ಎಳೆದುಕೊಳ್ಳುತ್ತದೆ, ಉಪಯೋಗ ಅಲ್ಲಿದೆ. ಕೊನೆಯ ಎರಡು ವಾರ ದೊಡ್ಡ ಮೊಟ್ಟೆಯೊಳಗಿನ ಭ್ರೂಣ ತಾನೇ ಬಿಸಿ ಹುಟ್ಟಿಸುತ್ತದೆ, ಮೊಟ್ಟೆಗಳು ಒತ್ತೊತ್ತಾಗಿದ್ದರೆ ನಡುವಿನವು ಕಾಯುತ್ತವೆ. ಕೊಳಕು ನೀರು ಸಿಂಪಡಿಸಿದರೆ ಮಾತ್ರ ಲಾಭಕ್ಕಿಂತ ನಷ್ಟವೇ ಹೆಚ್ಚು.

#7 ಹಿಂಡುಬಯಲು

ಮರಿ ಹೊರಬಂದ ಮೇಲಿನದ್ದು.

ಬ್ರೂಡರಿನ (ಮರಿಗಳನ್ನು ದೀಪದಿಂದ ಬೆಚ್ಚಗಿಡುವ ಜಾಗ) ಬಿಸಿ ಮೊದಲ ಕೆಲವು ದಿನ 30ರಿಂದ 32 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ನಾಲ್ಕನೇ ವಾರಕ್ಕೆ ಸಾಮಾನ್ಯ ಹವೆಯಲ್ಲಿ ಹೊರಗಿನ ಬಿಸಿ ಬೇಕಾಗುವುದಿಲ್ಲ. ಥರ್ಮಾಮೀಟರಿಗಿಂತ ಮರಿಗಳನ್ನು ನೋಡಿ: ದೀಪದ ಕೆಳಗೆ ಗುಡ್ಡೆ ಬಿದ್ದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ. ಮೂರನೇ ವಾರದವರೆಗೆ ಒಂದು ಮರಿಗೆ ಕನಿಷ್ಠ ಒಂದು ಚದರ ಅಡಿ ಜಾಗ, ದೊಡ್ಡದಾದ ಮೇಲೆ ರಾತ್ರಿಯ ಮನೆಯಲ್ಲಿ 4 ಚದರ ಅಡಿ. ನೆಲಕ್ಕೆ ಮೊದಲ ದಿನಗಳಲ್ಲಿ ಹಳೆ ಪೇಪರ್ ಹಾಸಬೇಡಿ. ಒದ್ದೆಯಾದ ಪೇಪರಿನ ಮೇಲೆ ಕಾಲು ಜಾರಿ ತೊಡೆಸಂದು ಅಗಲಿಬಿಡುತ್ತದೆ. ಒರಟು ಬಟ್ಟೆ ಅಥವಾ ಮರದ ಹೊಟ್ಟು ಒಳ್ಳೆಯದು.

ನಿಜವಾದ ತಲೆನೋವು ನೀರು. ಮರಿಗೆ ಕೊಕ್ಕು, ಮೂಗಿನ ಹೊಳ್ಳೆ ಮುಳುಗಿಸಿ ಸೀನುವಷ್ಟು ಆಳ ಬೇಕು. ಇಲ್ಲದಿದ್ದರೆ ಹೊಳ್ಳೆಯಲ್ಲಿ ಮೇವು ಗಟ್ಟಿಯಾಗಿ, ಕಣ್ಣಿನಲ್ಲಿ ನೊರೆ ಬಂದು ಸೋಂಕು ಆರಂಭವಾಗುತ್ತದೆ. ಆದರೆ ಒಳಗೆ ಇಳಿಯುವಷ್ಟು ಅಗಲ ಇರಕೂಡದು. ಮೇಲೆ ಜಾಲರಿ ಹಾಕಿ ತಲೆ ಮಾತ್ರ ತೂರುವಂತೆ ಮಾಡಿ. ನೀರಿನ ಪಾತ್ರೆಯನ್ನು ತಂತಿಜಾಲರಿ ಹೊದಿಸಿದ ತಟ್ಟೆಯ ಮೇಲೆ ಇಡಿ, ಚೆಲ್ಲಿದ್ದೆಲ್ಲ ಕೆಳಗೆ ಬಿದ್ದು ಹಾಸು ಒಣಗಿರುತ್ತದೆ. ಒಂದು ಸಣ್ಣ ಕೆಲಸ, ಆದರೆ ಇದೊಂದು ಮಾಡಿದರೆ ಒದ್ದೆ ಹಾಸು, ಅಮೋನಿಯಾ ವಾಸನೆ, ಬೂಸ್ಟು ಮೂರೂ ತಪ್ಪುತ್ತವೆ.

#8 ಹೊಸಗರಿ

ಮರಿಗಳು ಹುಟ್ಟಿದ ದಿನವೇ ಈಜುತ್ತವಲ್ಲ, ಬ್ರೂಡರಿನ ಮರಿಯನ್ನು ತೊಟ್ಟಿಗೆ ಬಿಟ್ಟರೆ ಏನು ತೊಂದರೆ? ತಾಯಿಯ ಎಣ್ಣೆ ಮೈಗೆ ಹತ್ತಿಲ್ಲ ಅಂತಲಾ?

#9 ಬೂದುಗರಿ

ಎಣ್ಣೆಯದು ಅರ್ಧ ಕಥೆ. ಬಾಲದ ಬುಡದ ಗ್ರಂಥಿಯ ಎಣ್ಣೆ ಗರಿಯನ್ನು ಮೃದುವಾಗಿ, ಮುರಿಯದಂತೆ ಇಡುತ್ತದೆ. ನೀರು ನಿಲ್ಲದಂತೆ ಮಾಡುವಲ್ಲಿ ದೊಡ್ಡ ಪಾಲು ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಡುವೆ ಗಾಳಿ ಹಿಡಿದಿಡುವುದರದ್ದು. ಗರಿ ತೀಡಿಕೊಳ್ಳುವುದೆಂದರೆ ಆ ಕೊಂಡಿಗಳನ್ನು ಮತ್ತೆ ಕೂಡಿಸುವ ಕೆಲಸ. ಕೆಸರು, ಹಿಕ್ಕೆ ಮೆತ್ತಿದ ಗರಿಯಲ್ಲಿ ಕೊಂಡಿ ಕೂರುವುದಿಲ್ಲ. ಸ್ನಾನಕ್ಕೆ ನೀರು ಸಿಗದ ದೊಡ್ಡ ಬಾತು ಕೂಡ ಮಳೆಯಲ್ಲಿ ನೆನೆದು ನಡುಗುವುದು ಇದರಿಂದಲೇ.

ಕಾಡಿನ ಮರಿ ನೀರಿನಿಂದ ಬಂದ ಕೂಡಲೇ ತಾಯಿಯ ಹೊಟ್ಟೆಯಡಿ ಸೇರಿ ಒಣಗುತ್ತದೆ. ಬ್ರೂಡರಿನದಕ್ಕೆ ಆ ಅನುಕೂಲವಿಲ್ಲ. ಮೊದಲ ವಾರದ ಕೊನೆಗೆ ಕಾಲು ನೆಲಕ್ಕೆ ಸಿಗುವಷ್ಟು ಬೆಚ್ಚಗಿನ ನೀರಲ್ಲಿ 5 ನಿಮಿಷ, ನೀವು ಎದುರಿಗೇ ಇದ್ದು, ತಕ್ಷಣ ದೀಪದಡಿಗೆ. ಹತ್ತಿ ಹೊರಬರಲು ಒರಟು ಇಳಿಜಾರು ಇಲ್ಲದ ತೊಟ್ಟಿಗೆ ಯಾವ ವಯಸ್ಸಿನ ಮರಿಯನ್ನೂ ಬಿಡಬೇಡಿ. ಬಾತುಮರಿ ಮುಳುಗಿ ಸಾಯುವುದಕ್ಕೆ ಸುಸ್ತು ಸಾಕು.

#10 ಕಾಳುಕಡ್ಡಿ

ಮೇವಿನ ಲೆಕ್ಕಕ್ಕೆ ಬರೋಣ. ಇಲ್ಲಿಯೇ ಕೋಳಿಯ ಚೀಟಿ ಹೆಚ್ಚು ಕೈಕೊಡುವುದು.

ಮೊದಲ 2 ವಾರ ಶೇ. 20ರಿಂದ 22 ಪ್ರೋಟೀನು, ಆಮೇಲೆ ಶೇ. 16. ಕಾಡಿನಲ್ಲೂ ಇದೇ ಕ್ರಮ: ಮ್ಯಾಲಾರ್ಡ್ ಮರಿ ಮೊದಲ ವಾರಗಳಲ್ಲಿ ಬಹುಪಾಲು ನೀರಹುಳು, ಸೊಳ್ಳೆಜಾತಿಯ ಮರಿಹುಳು ತಿನ್ನುತ್ತದೆ, ಬೀಜ, ಸೊಪ್ಪು ಆಮೇಲೆ. ಪುಡಿಗಿಂತ ಚೂರುಮೇವು ಅಥವಾ ಸಣ್ಣ ಗುಳಿಗೆ ಮೇವು ಕೊಡಿ, ವ್ಯರ್ಥ ಕಡಿಮೆ.

ನಯಾಸಿನ್ (ಬಿ3 ಜೀವಸತ್ವ): ಬಾತುಮರಿಗೆ ಕಿಲೋ ಮೇವಿಗೆ 55 ಮಿಲಿಗ್ರಾಂ ಬೇಕು. ಕೋಳಿಮರಿಗೆ ಇದಕ್ಕಿಂತ ಬಹಳ ಕಡಿಮೆ ಸಾಕು, ಏಕೆಂದರೆ ಕೋಳಿಯ ದೇಹ ಟ್ರಿಪ್ಟೊಫಾನಿನಿಂದ (ಪ್ರೋಟೀನಿನ ಒಂದು ಘಟಕ) ನಯಾಸಿನ್ ತಯಾರಿಸಿಕೊಳ್ಳುವಷ್ಟು ಸಲೀಸಾಗಿ ಬಾತಿನ ದೇಹ ತಯಾರಿಸಿಕೊಳ್ಳದು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಕೂಡ ಬಿಗಿಯಾಗಿ ಕಟ್ಟಿಕೊಂಡಿದ್ದು, ಹಕ್ಕಿಗೆ ದಕ್ಕುವುದು ಅಲ್ಪ. ಕೊರತೆಯಾದರೆ ಒಂದೆರಡು ವಾರದಲ್ಲಿ ಮರಿ ಕುಳಿತಲ್ಲೇ ಕೂರುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ಮೊಣಕಾಲಿನಂತೆ ಕಾಣುವ ಹಿಂದಿನ ಗಿಣ್ಣು ಊದುತ್ತದೆ.

ಸರಿಪಡಿಸುವ ಲೆಕ್ಕ ಹೀಗೆ. ಕೈಯಲ್ಲಿರುವ ಮೇವಿನಲ್ಲಿ ಕಿಲೋಗೆ 35 ಮಿಲಿಗ್ರಾಂ ಇದೆ ಎಂದು ಚೀಲದ ಮೇಲೆ ಬರೆದಿದ್ದರೆ ಕೊರತೆ 20. ಒಣ ಬ್ರೂವರ್ಸ್ ಯೀಸ್ಟಿನಲ್ಲಿ (ಬಿಯರ್ ತಯಾರಿಕೆಯ ಯೀಸ್ಟ್, ಜೀವವಿಲ್ಲದ್ದು) ಕಿಲೋಗೆ ಸುಮಾರು 450 ಮಿಲಿಗ್ರಾಂ ಇರುತ್ತದೆ, ಆದ್ದರಿಂದ ಕಿಲೋ ಮೇವಿಗೆ 50 ಗ್ರಾಂ ಸೇರಿಸಿದರೆ 22 ಮಿಲಿಗ್ರಾಂ ಸಿಗುತ್ತದೆ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಬೇಡ, ಅದು ಜೀವಂತ, ಹೊಟ್ಟೆಯಲ್ಲಿ ಹುದುಗುತ್ತದೆ. ಶುದ್ಧ ನಯಾಸಿನ್ ಬಳಸುವವರು 10 ಕಿಲೋ ಮೇವಿಗೆ 200 ಮಿಲಿಗ್ರಾಂ ತೆಗೆದುಕೊಂಡು, ಮೊದಲು ಒಂದು ಹಿಡಿ ಮೇವಿನಲ್ಲಿ ಕಲಸಿ, ಅದನ್ನು ಒಂದು ಕಿಲೋಗೆ, ಆ ಕಿಲೋವನ್ನು ಹತ್ತಕ್ಕೆ ಬೆರೆಸಿ. ನೇರ ಸುರಿದರೆ ಎಲ್ಲ ಒಂದೇ ಮೂಲೆಯಲ್ಲಿ ಉಳಿಯುತ್ತದೆ.

ಮೊದಲ ಹಂತದಲ್ಲಿ ಹಿಡಿದರೆ ಮರಿ ಬೇಗ ಚೇತರಿಸುತ್ತದೆ. ಗಿಣ್ಣಿನ ಹಿಂದಿನ ಸ್ನಾಯುರಜ್ಜು ಪಕ್ಕಕ್ಕೆ ಜಾರಿಬಿಟ್ಟಿದ್ದರೆ ಯೀಸ್ಟ್ ಏನೂ ಮಾಡದು, ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಮೊಟ್ಟೆ ಇಡುವ ಬಾತಿನ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 3ರ ಆಸುಪಾಸು ಬೇಕು, ಮರಿಗೆ ಶೇ. 0.65 ಸಾಕು. ಮೊಟ್ಟೆಕೋಳಿಯ ಮೇವನ್ನು ಮರಿಗೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಬೇರೆ ವಯಸ್ಸಿನವು ಒಟ್ಟಿಗಿದ್ದರೆ ಎಲ್ಲಕ್ಕೂ ಬೆಳೆಯುವ ಮರಿಯ ಮೇವು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ. ಬೇಕಾದವು ತಿನ್ನುತ್ತವೆ.

#11 ಕೆರೆಯಂಗಳ

ರೆಕ್ಕೆ ತಿರುಚಿಕೊಳ್ಳುವುದನ್ನೂ ಇಲ್ಲೇ ಸೇರಿಸುತ್ತೇನೆ, ಅದೂ ಮೇವಿನದ್ದೇ. ಎರಡು ವಾರದ ನಂತರವೂ ಶೇ. 20 ಪ್ರೋಟೀನು ಮುಂದುವರಿಸಿ, ಓಡಾಡಲು ಜಾಗ ಕೊಡದಿದ್ದರೆ ರಕ್ತ ತುಂಬಿದ ಗರಿಕಡ್ಡಿಗಳ ಭಾರ ಮಣಿಕಟ್ಟಿನ ಬಲ ಮೀರಿ ಬೆಳೆಯುತ್ತದೆ, ರೆಕ್ಕೆಯ ತುದಿ ಹೊರಮುಖವಾಗಿ ಹೊರಳುತ್ತದೆ. ತುದಿ ಜೋಲುವುದು ಕಂಡ ದಿನವೇ ರೆಕ್ಕೆಯನ್ನು ಸಹಜವಾಗಿ ಮಡಿಸಿ, ಗರಿಗೆ ಅಂಟದ ಮೃದು ಪಟ್ಟಿಯಿಂದ ರೆಕ್ಕೆಯನ್ನಷ್ಟೇ ಸುತ್ತಿ. ಮೈಗೆ ಸೇರಿಸಿ ಬಿಗಿಯಬೇಡಿ, ಉಸಿರಾಟಕ್ಕೆ ಎದೆ ಆಡಬೇಕು. 3ರಿಂದ 5 ದಿನ, ಪ್ರತಿದಿನ ಬಿಚ್ಚಿ ನೋಡಿ. ಮೂಳೆ ಬಲಿತ ಮೇಲೆ ಈ ಪಟ್ಟಿಯಿಂದ ಸರಿಹೋಗುವುದಿಲ್ಲ.

#12 ಕಾಳುಕಡ್ಡಿ

ಒಂದು ಎಚ್ಚರಿಕೆ ಬೇರೆಯಾಗಿಯೇ ಬರೆಯಬೇಕು. ಬೂಸ್ಟು ಹಿಡಿದ ಮೆಕ್ಕೆಜೋಳ, ಕಡಲೆಹಿಂಡಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿಗಳು ಸತ್ತವು, ಬಾತುಮರಿಗಳೂ ಸತ್ತವು. ಕಾರಣ ಬ್ರೆಜಿಲ್‌ನಿಂದ ಬಂದ ಕಡಲೆಹಿಂಡಿಯಲ್ಲಿದ್ದ ಬೂಸ್ಟಿನ ವಿಷ. ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಆ ಹುಡುಕಾಟದಿಂದ. ಸಾಕುಹಕ್ಕಿಗಳಲ್ಲಿ ಈ ವಿಷಕ್ಕೆ ಬಾತುಮರಿಯಷ್ಟು ಸೂಕ್ಷ್ಮವಾದದ್ದು ಇಲ್ಲ. ಅದೇ ಕಾರಣಕ್ಕೆ ವಿಷಪರೀಕ್ಷೆಗೆ ಪ್ರಯೋಗಾಲಯಗಳು ಬಾತುಮರಿಯನ್ನೇ ಬಳಸುತ್ತಿದ್ದವು. ಕೋಳಿ ತಿಂದು ಅರಗಿಸಿಕೊಂಡ ಮೇವು ಪಕ್ಕದ ಬಾತುಮರಿಯನ್ನು ಕೊಲ್ಲಬಲ್ಲದು.

ಬಿಸಿಲಿಗೆ ಒಣಗಿಸಿ ಬೂಸ್ಟು ಉದುರಿಸಿದರೆ ವಿಷ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಕಾಳನ್ನು ಕೂಡಿಡುವ ಮೊದಲೇ ತೇವ ಶೇ. 13ಕ್ಕಿಂತ ಕೆಳಗಿರಬೇಕು. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ದೂರ. ಅನುಮಾನವಿದ್ದ ಚೀಲ ಬಾತಿಗಂತೂ ಬೇಡವೇ ಬೇಡ.

#13 ನೀರಂಚು

ಮೇಲಿನದಕ್ಕೆ ಸೇರಿಸುವೆ. ಮರಿ ಕತ್ತನ್ನು ಬೆನ್ನಿಗೆ ಬಾಗಿಸಿ, ಕಾಲು ತುಳಿಯುತ್ತ ಸತ್ತರೆ ಅಫ್ಲಾಟಾಕ್ಸಿನ್ ಇರಬಹುದು, ವೈರಸ್ಸಿನ ಯಕೃತ್ ಉರಿಯೂತವೂ ಇರಬಹುದು. ವೈರಸ್ಸಿನದ್ದು ಮುಖ್ಯವಾಗಿ ಮೊದಲ ಮೂರು ವಾರದ ಮರಿಗಳ ರೋಗ. ಲಕ್ಷಣ ಕಂಡ ಒಂದೆರಡು ಗಂಟೆಯಲ್ಲೇ ಸಾವು, ಹಿಂಡಿನಲ್ಲಿ ಮೂರು ನಾಲ್ಕು ದಿನದೊಳಗೆ ಆಗುವ ಅನಾಹುತ ಆಗಿಹೋಗಿರುತ್ತದೆ, ಜೊತೆಗಿದ್ದ ದೊಡ್ಡ ಬಾತುಗಳಿಗೆ ಏನೂ ಆಗಿರುವುದಿಲ್ಲ. ಮೇವಿನ ವಿಷವಾದರೆ ವಾರಗಟ್ಟಲೆ ಬೆಳವಣಿಗೆ ಕುಂಠಿತವಾಗಿ, ಆ ಮೇವು ತಿಂದ ಎಲ್ಲ ವಯಸ್ಸಿನವೂ ಸೊರಗುತ್ತವೆ. ಎರಡರಲ್ಲೂ ಯಕೃತ್ತಿನಲ್ಲಿ ರಕ್ತದ ಚುಕ್ಕೆ ಕಾಣಬಹುದು, ಕಣ್ಣಂದಾಜಿನಲ್ಲಿ ತೀರ್ಮಾನ ಬೇಡ.

ದೊಡ್ಡ ಬಾತುಗಳೇ ಇದ್ದಕ್ಕಿದ್ದಂತೆ ಸಾಯತೊಡಗಿ, ಬೆಳಕು ಕಂಡರೆ ಕಣ್ಣು ಮುಚ್ಚುತ್ತಿದ್ದರೆ, ಗುದದ ಸುತ್ತ ರಕ್ತ, ಸತ್ತ ಗಂಡಿನ ಜನನಾಂಗ ಹೊರಗೆ ಜೋತಿದ್ದರೆ ಬಾತುಪ್ಲೇಗು. ಇದು ಹರ್ಪಿಸ್ ಕುಟುಂಬದ ವೈರಸ್, ಬದುಕಿ ಉಳಿದ ಹಕ್ಕಿ ಅದನ್ನು ಒಳಗಿಟ್ಟುಕೊಂಡು ಆಗಾಗ ಹೊರಹಾಕುತ್ತದೆ. 1973ರಲ್ಲಿ ಅಮೆರಿಕದ ಸೌತ್ ಡಕೋಟಾದ ಲೇಕ್ ಆಂಡಿಸ್‌ನಲ್ಲಿ ಸುಮಾರು 40,000 ಕಾಡು ಮ್ಯಾಲಾರ್ಡ್‌ಗಳು ಸತ್ತದ್ದು ಇದರಿಂದಲೇ. ಲಸಿಕೆ ಇದೆ, ಆರೋಗ್ಯವಾಗಿರುವಾಗಲೇ ಹಾಕಿಸಬೇಕು.

#14 ಹಿಂಡುಬಯಲು

ಬೇಸಿಗೆಯಲ್ಲಿ ಹೊಂಡದ ನೀರು ಇಳಿದಾಗ ಬಾತುಗಳ ಕತ್ತು ಸೋತು ನೀರಿಗೆ ಬೀಳುವುದರ ಬಗ್ಗೆ ಯಾರಾದರೂ ಬರೆಯುತ್ತೀರಾ? ಅದನ್ನು ಪ್ಲೇಗು ಎಂದು ಹೆದರುವವರು ಬಹಳ.

#15 ನೀರಂಚು

ಬಾಟುಲಿಸಂ. ಬಾತುಗಳಲ್ಲಿ ಸಾಮಾನ್ಯವಾಗಿ ಸಿ ಬಗೆ. ಬ್ಯಾಕ್ಟೀರಿಯಾದ ಬೀಜಾಣು ಕೆಸರಿನಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಬಿಸಿಲು ಏರಿ, ನೀರು ಕಡಿಮೆಯಾಗಿ, ಕೊಳೆತದ್ದರಿಂದ ಆಮ್ಲಜನಕ ಮುಗಿದಾಗ ಮೊಳೆತು ವಿಷ ಮಾಡುತ್ತದೆ. ಅದಕ್ಕೆ ಅತಿ ಒಳ್ಳೆಯ ಜಾಗ ಸತ್ತ ಪ್ರಾಣಿಯ ದೇಹ. ಆ ದೇಹ ತಿಂದ ನೊಣದ ಹುಳುಗಳಿಗೆ ವಿಷ ಏನೂ ಮಾಡದು, ಹುಳು ತಿಂದ ಬಾತು ಸಾಯುತ್ತದೆ, ಆ ಬಾತಿನಲ್ಲಿ ಮತ್ತೆ ಹುಳು. ಒಂದು ಹೆಣ ಹತ್ತಾರು ಹೆಣವಾಗುವುದು ಹೀಗೆ.

ಗುರುತು: ಮೊದಲು ಹಾರಲಾರದು, ನಂತರ ಕಾಲು ಸೋಲುತ್ತದೆ, ಕಣ್ಣಿನ ಮೂರನೇ ರೆಪ್ಪೆ ಅರೆ ಮುಚ್ಚುತ್ತದೆ, ಕೊನೆಗೆ ಕತ್ತು. ಪ್ರಜ್ಞೆ ಇರುತ್ತದೆ. ಬಹುಪಾಲು ಹಕ್ಕಿಗಳು ಸಾಯುವುದು ತಲೆ ಎತ್ತಲಾರದೆ ನೀರಲ್ಲಿ ಮುಳುಗಿ. ಆದ್ದರಿಂದ ಮೊದಲ ಕೆಲಸ ಹಿಂಡನ್ನು ಆ ಹೊಂಡದಿಂದ ಹೊರತರುವುದು. ಸೋತ ಹಕ್ಕಿಯನ್ನು ನೆರಳಲ್ಲಿ, ಎದೆಯ ಮೇಲೆ ಕೂರುವಂತೆ ಬಟ್ಟೆಯ ಸುರುಳಿಯ ಆಸರೆ ಕೊಟ್ಟು ಇರಿಸಿ. ನುಂಗುವ ಶಕ್ತಿ ಇಲ್ಲದ ಹಕ್ಕಿಯ ಬಾಯಿಗೆ ನೀರು ಸುರಿದರೆ ಶ್ವಾಸಕೋಶ ಸೇರುತ್ತದೆ. ಗೊತ್ತಿದ್ದವರು ನಳಿಗೆಯಿಂದಲೇ ಕೊಡಬೇಕು. ಹೊಂಡದ ಸುತ್ತ ದಿನಕ್ಕೆ ಎರಡು ಸಲ ನಡೆದು ಮೀನು, ಕಪ್ಪೆ, ಹಕ್ಕಿ ಯಾವುದೇ ಹೆಣ ಕಂಡರೂ ತೆಗೆದು ಆಳಕ್ಕೆ ಹೂಳಿ ಅಥವಾ ಸುಡಿ.

ಸೀಸದ ವಿಷವೂ ಹೋಲುತ್ತದೆ. ಬಾತು ಕಲ್ಲುಹರಳೆಂದು ಬೇಟೆಯ ಸೀಸದ ಗುಂಡು ನುಂಗುತ್ತದೆ, ಒಳಗಿನ ಅರೆಯುವ ಹೊಟ್ಟೆ ಅದನ್ನು ತೇಯುತ್ತದೆ. ಆದರೆ ಅದು ನಿಧಾನ: ಹಕ್ಕಿ ಸೊರಗಿ ಎದೆಮೂಳೆ ಕತ್ತಿಯಂತಾಗಿರುತ್ತದೆ, ಹಸಿರು ಭೇದಿ, ರೆಕ್ಕೆ ಜೋತಿರುತ್ತದೆ. ಬಾಟುಲಿಸಂ ಆದ ಹಕ್ಕಿ ಮೈತುಂಬಿಕೊಂಡೇ ಇರುತ್ತದೆ. ಜಲಪಕ್ಷಿ ಬೇಟೆಗೆ ಸೀಸದ ಗುಂಡನ್ನು ಅಮೆರಿಕ 1991ರಲ್ಲಿ ದೇಶಾದ್ಯಂತ ನಿಷೇಧಿಸಿತು.

#16 ಹೊಸಗರಿ

ಗಂಡು ಹೆಣ್ಣು ಗುರುತಿಸುವುದು, ಎಷ್ಟಕ್ಕೆ ಎಷ್ಟು ಗಂಡು ಎನ್ನುವುದನ್ನೂ ಹೇಳಿಬಿಡಿ.

#17 ಬೂದುಗರಿ

ಕಿವಿಯೇ ಸಾಕು. 6ರಿಂದ 8 ವಾರಕ್ಕೆ ಹೆಣ್ಣು ಗಟ್ಟಿಯಾಗಿ "ಕ್ವ್ಯಾಕ್" ಎನ್ನುತ್ತದೆ, ಗಂಡಿನದು ಗಂಟಲು ಕಟ್ಟಿದಂಥ ಪಿಸುದನಿ. ಗಂಡಿನ ಧ್ವನಿಪೆಟ್ಟಿಗೆಯ ಎಡಕ್ಕೆ ಮೂಳೆಯ ಗುಳ್ಳೆಯೊಂದಿದೆ, ಅದರಿಂದಲೇ ಈ ವ್ಯತ್ಯಾಸ. ಆಮೇಲೆ ಗಂಡಿನ ಬಾಲದ ಮೇಲೆ ಸುರುಳಿ ಗರಿ ಬರುತ್ತದೆ. ಮಸ್ಕೋವಿಗೆ ಸುರುಳಿ ಇಲ್ಲ, ಗಂಡಿನ ಗಾತ್ರ ಹೆಣ್ಣಿನ ದುಪ್ಪಟ್ಟಿನ ಹತ್ತಿರ.

ನಾಲ್ಕರಿಂದ ಆರು ಹೆಣ್ಣಿಗೆ ಒಂದು ಗಂಡು. ಹೆಚ್ಚು ಗಂಡುಗಳಿದ್ದರೆ ಹೆಣ್ಣಿನ ಹಿಂತಲೆಯ ಗರಿ ಕಿತ್ತು ಗಾಯವಾಗುತ್ತದೆ, ಕೆಲವೊಮ್ಮೆ ನೀರಲ್ಲಿ ಅದುಮಿ ಕೊಂದೇಬಿಡುತ್ತವೆ. ಬಹುಪಾಲು ಹಕ್ಕಿಗಳಿಗೆ ಇಲ್ಲದ ಹೊರಚಾಚುವ ಜನನಾಂಗ ಗಂಡು ಬಾತಿಗಿದೆ. ಆದ್ದರಿಂದ ಗಂಡು ಬಾತು ಹೆಣ್ಣು ಕೋಳಿಯನ್ನು ಏರಿದರೆ ಕೋಳಿಗೆ ಒಳಗಾಯವಾಗುತ್ತದೆ. ಕೋಳಿ, ಬಾತು ಒಂದೇ ಗೂಡಿನಲ್ಲಿ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಒಂದು ವಿಷಯ ಗಾಬರಿ ಹುಟ್ಟಿಸುತ್ತದೆ: ಸಂತಾನದ ಕಾಲ ಮುಗಿದಾಗ ಮ್ಯಾಲಾರ್ಡ್ ಗಂಡು ಹಸಿರು ತಲೆ ಕಳೆದುಕೊಂಡು ಹೆಣ್ಣಿನಂತೆ ಕಂದಾಗುತ್ತದೆ, ರೆಕ್ಕೆಯ ಹಾರುಗರಿಗಳೆಲ್ಲ ಒಮ್ಮೆಲೇ ಉದುರಿ 3-4 ವಾರ ಹಾರಲಾರದು. ರೋಗವಲ್ಲ. ಕಾಡುಬಾತುಗಳು ಆ ವಾರಗಳಲ್ಲಿ ದಟ್ಟ ಜೊಂಡಿನಲ್ಲಿ ಅಡಗುತ್ತವೆ. ಹಾರಲಾಗದ ಕಾಡುಬಾತು ಕಂಡ ಕೂಡಲೇ ಹಿಡಿದು ತರಬೇಡಿ.

#18 ಹಿಂಡುಬಯಲು

ಮೊಟ್ಟೆಯ ಕಡೆಯಿಂದ ಎರಡೇ ಮಾತು. ಬಹುಪಾಲು ಬಾತುಗಳು ಬೆಳಿಗ್ಗೆ 9ರೊಳಗೆ ಮೊಟ್ಟೆ ಇಡುತ್ತವೆ, ಅಲ್ಲಿಯವರೆಗೆ ಬಾಗಿಲು ತೆರೆಯಬೇಡಿ. ಇಲ್ಲದಿದ್ದರೆ ಹೊಂಡದ ತಳದಲ್ಲಿ ಮೊಟ್ಟೆ ಹುಡುಕಬೇಕು. ದಿನಕ್ಕೆ 14ರಿಂದ 16 ಗಂಟೆ ಬೆಳಕಿದ್ದರೆ ಇಡುವುದು ನಿಲ್ಲುವುದಿಲ್ಲ, ಆದರೆ ಗರಿ ಉದುರುವ ಕಾಲದಲ್ಲಿ ಬೆಳಕು ಕೊಟ್ಟು ಒತ್ತಾಯಿಸಬೇಡಿ.

ಹಿಡಿಯುವಾಗ ಕೋಳಿಯಂತೆ ಕಾಲು ಹಿಡಿದು ಎತ್ತಬೇಡಿ. ಬಾತಿನ ಕಾಲು ಈಜಲು ಆದದ್ದು, ತೂಗಾಡುವ ಭಾರಕ್ಕೆ ಸೊಂಟದ ಕೀಲು ಜಾರುತ್ತದೆ. ಎರಡೂ ರೆಕ್ಕೆ ಮೈಗೆ ಒತ್ತಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ.

#19 ಜೊಂಡುಹುಲ್ಲು

ಕಾಡುಬಾತುಗಳು ಸಾಕಿದವುಗಳ ಹೊಂಡಕ್ಕೆ ಇಳಿಯುವುದು ನೋಡಲು ಚೆಂದ. ಕೆಲವರು ಕಾಳು ಚೆಲ್ಲಿ ಕರೆಯುತ್ತಾರೆ. ಜೊತೆಗೆ, ಹೊಲದಂಚಿನಲ್ಲಿ ಸಿಕ್ಕ ಕಾಡುಬಾತಿನ ಮೊಟ್ಟೆ ತಂದು ಕಾವಿಗಿಡಬಹುದೇ ಎಂದೂ ಕೇಳುತ್ತಾರೆ.

#20 ಕೆರೆಯಂಗಳ

ಎರಡಕ್ಕೂ ಬೇಡ ಎಂದೇ ನನ್ನ ಉತ್ತರ, ಕಾರಣ ಹೇಳುತ್ತೇನೆ.

ಮೊಟ್ಟೆ ಮೊದಲು. ಮ್ಯಾಲಾರ್ಡ್ ಹೆಣ್ಣು ದಿನಕ್ಕೊಂದರಂತೆ 8ರಿಂದ 13 ಮೊಟ್ಟೆ ಇಡುತ್ತದೆ, ಇಡುವ ದಿನಗಳಲ್ಲಿ ಹೆಚ್ಚು ಹೊತ್ತು ಗೂಡಿನಲ್ಲಿರುವುದಿಲ್ಲ. ಎಲ್ಲವನ್ನೂ ಇಟ್ಟ ಮೇಲೆಯೇ ಕಾವಿಗೆ ಕೂರುತ್ತದೆ, ಅದಕ್ಕೇ ಎಲ್ಲ ಮರಿಗಳು ಕೆಲವೇ ಗಂಟೆಗಳ ಅಂತರದಲ್ಲಿ ಹೊರಬರುತ್ತವೆ. ತಣ್ಣಗಿರುವ, ತಾಯಿಯಿಲ್ಲದ ಗೂಡು ಅನಾಥವಲ್ಲ. ಇನ್ನು ಮರಿ ಮಾಡಿಸಿದಿರಿ ಎಂದುಕೊಳ್ಳಿ: ಬಾತುಮರಿಯ ಮನಸ್ಸಿನಲ್ಲಿ ತಾಯಿಯ ರೂಪ ಅಚ್ಚಾಗುವುದು ಹುಟ್ಟಿದ 13ರಿಂದ 16 ಗಂಟೆಯ ಆಸುಪಾಸಿನಲ್ಲಿ ಅತಿ ಗಟ್ಟಿಯಾಗಿ. ಆಗ ಎದುರಿಗೆ ಮನುಷ್ಯನಿದ್ದರೆ ಅದು ಮನುಷ್ಯನನ್ನೇ ಹಿಂಬಾಲಿಸುತ್ತದೆ. ಆಮೇಲೆ ಬಿಟ್ಟರೆ ಯಾರಿಗೆ ಹೆದರಬೇಕೆಂದೂ ಅದಕ್ಕೆ ತಿಳಿದಿರುವುದಿಲ್ಲ. ಬಹಳ ದೇಶಗಳಲ್ಲಿ ಇದು ಕಾನೂನಿಗೂ ವಿರುದ್ಧ.

ಸಾಕಿದ ಮ್ಯಾಲಾರ್ಡ್ ವಂಶದವನ್ನು ಕೆರೆಗೆ ಬಿಡುವುದು ಇನ್ನೂ ದೊಡ್ಡ ತಪ್ಪು. ಮ್ಯಾಲಾರ್ಡ್ ತನ್ನ ಹತ್ತಿರದ ಜಾತಿಗಳೊಂದಿಗೆ ಸುಲಭವಾಗಿ ಕೂಡುತ್ತದೆ, ಆ ಮರಿಗಳಿಗೆ ಸಂತಾನವೂ ಆಗುತ್ತದೆ. ನ್ಯೂಜಿಲೆಂಡಿನ ಬೂದು ಬಾತು, ಹವಾಯಿಯ ಕೊಲೊವಾ, ಫ್ಲಾರಿಡಾದ ಮಾಟಲ್ಡ್ ಬಾತು ತಮ್ಮ ತಳಿ ಕಳೆದುಕೊಳ್ಳುತ್ತಿರುವುದು ಮನುಷ್ಯ ತಂದುಬಿಟ್ಟ ಮ್ಯಾಲಾರ್ಡ್‌ಗಳಿಂದ. ಬೇಟೆ ನಿಲ್ಲಿಸಬಹುದು, ಬೆರೆತ ರಕ್ತವನ್ನು ಬೇರ್ಪಡಿಸಲಾಗದು.

#21 ನೀರಂಚು

ಕಾಳು ಚೆಲ್ಲಿ ಕರೆಯುವುದಕ್ಕೆ ಉತ್ತರ ನಾನು ಕೊಡುವೆ. ಹಕ್ಕಿಜ್ವರದ ವೈರಸ್ಸುಗಳ ಸಹಜ ನೆಲೆ ಕಾಡಿನ ಜಲಪಕ್ಷಿಗಳ ಕರುಳು. ಮ್ಯಾಲಾರ್ಡ್‌ನಂಥವು ಎಚ್5ಎನ್1 ಹೊತ್ತೂ ಏನೂ ಆಗದಂತೆ ಈಜುತ್ತಿರಬಲ್ಲವು. ಹಿಕ್ಕೆಯೊಂದಿಗೆ ನೀರಿಗೆ ಬಿದ್ದ ವೈರಸ್ ತಣ್ಣೀರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಸಾಕುಬಾತು ಅಲ್ಲಿ ಕುಡಿದು, ತಾನು ಗಟ್ಟಿಯಾಗಿದ್ದುಕೊಂಡೇ ಕೋಳಿಗೆ ದಾಟಿಸುತ್ತದೆ. ಮೊದಲು ಸಾಯುವುದು ಕೋಳಿ, ಮೂಲ ಬಾತು.

ಮಾಡಬೇಕಾದ್ದು: ಮೇವು, ಕುಡಿಯುವ ನೀರು ಸೂರಿನ ಕೆಳಗೆ ಮಾತ್ರ, ಚೆಲ್ಲಿದ ಕಾಳು ಸಂಜೆಯೊಳಗೆ ಗುಡಿಸಬೇಕು. ವಲಸೆಯ ಕಾಲದಲ್ಲಿ ತೆರೆದ ಹೊಂಡ ಮುಚ್ಚಿ, ಬಾತುಗಳಿಗೆ ತಲೆ ಮುಳುಗುವ 12-15 ಸೆಂಟಿಮೀಟರ್ ಆಳದ ತೊಟ್ಟಿ ಕೊಡಿ, ದಿನಾ ನೀರು ಬದಲಿಸಿ. ಈಜು ತಪ್ಪಿದರೂ ಗರಿ, ಕಣ್ಣು, ಹೊಳ್ಳೆ ಶುಚಿಯಾಗಿರುತ್ತವೆ. ಹೊಂಡ ಮುಚ್ಚಲು 5 ಸೆಂಟಿಮೀಟರ್ ಕಣ್ಣಿನ ಬಲೆ ಬಾತುಗಳನ್ನು ತಡೆಯುತ್ತದೆ, ಸಣ್ಣ ಹಕ್ಕಿಗಳಿಗೆ 2.5 ಬೇಕು. ಬಲೆ ಬಿಗಿಯಾಗಿರಲಿ, ಜೋತರೆ ಹಕ್ಕಿ ಸಿಕ್ಕಿ ನರಳುತ್ತದೆ. ಬಾತುಮನೆಗೆ ಬೇರೆಯೇ ಚಪ್ಪಲಿ. ದಿನದ ಕೆಲಸದಲ್ಲಿ ಮೊದಲು ಮರಿ, ನಂತರ ದೊಡ್ಡವು, ಕೊನೆಗೆ ಹುಷಾರಿಲ್ಲದವು. ಹೊಸದಾಗಿ ತಂದ ಹಕ್ಕಿಗೆ 30 ದಿನ ಪ್ರತ್ಯೇಕ ವಾಸ, ಬೇರೆ ಪಾತ್ರೆ.

#22 ಹೊಸಗರಿ

ಒಂದೇ ದಿನ ಮೂರು ನಾಲ್ಕು ಸತ್ತರೆ ಪರೀಕ್ಷೆಗೆ ಹೇಗೆ ಕಳಿಸಬೇಕು ಸರ್? ಫ್ರೀಜರಿನಲ್ಲಿ ಇಡಬಹುದಾ?

#23 ನೀರಂಚು

ಫ್ರೀಜರ್ ಬೇಡ. ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು, ಸೂಕ್ಷ್ಮದರ್ಶಕದಲ್ಲಿ ಓದಲು ಬರುವುದಿಲ್ಲ. ಮೊದಲು ಪಶುವೈದ್ಯ ಇಲಾಖೆಗೆ ಫೋನ್ ಮಾಡಿ. ಹಕ್ಕಿಜ್ವರದ ಅನುಮಾನವಿದ್ದರೆ ಹೆಣವನ್ನು ಅವರೇ ಬಂದು ಒಯ್ಯುತ್ತಾರೆ, ನೀವು ಮುಟ್ಟಬಾರದು, ಕೊಯ್ದು ನೋಡಲೇಬಾರದು. ಅವರು ತರಲು ಹೇಳಿದರೆ ಕೈಗವಸು, ಮುಖಗವಸು ಹಾಕಿ, ಸತ್ತು ಹೆಚ್ಚು ಹೊತ್ತಾಗದ ಎರಡು ಹಕ್ಕಿ ಆಯ್ದು, ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ 24 ಗಂಟೆಯೊಳಗೆ ತಲುಪಿಸಿ. ಜೊತೆಗೆ ಚೀಟಿ: ಹಕ್ಕಿಯ ವಯಸ್ಸು, ಹಿಂಡಿನ ಸಂಖ್ಯೆ, ಎಂದಿನಿಂದ ಎಷ್ಟು ಸತ್ತವು, ಯಾವ ಮೇವು, ಅದನ್ನು ಬದಲಿಸಿದ ದಿನ, ಹಾಕಿಸಿದ ಲಸಿಕೆ, ಕಾಡುಬಾತುಗಳು ಇಳಿಯುತ್ತಿದ್ದವೇ. ಅರ್ಧ ಕಿಲೋ ಮೇವನ್ನು ಕಾಗದದ ಚೀಲದಲ್ಲಿ ಬೇರೆಯಾಗಿ ಕಳಿಸಿ, ಪ್ಲಾಸ್ಟಿಕ್ಕಿನಲ್ಲಿ ಬೆವತು ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ.